ಹುಳು ಹೋದ ದಾರಿ

ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ ಅವಳು ಮತ್ತೆ ಓದಲು ಹೊರಟಳು. ಆಯುರ್ವೇದದ ಡಾಕ್ಟರು ಆಗಿಯೇ ಇದ್ದಳು. ಇದು ಅದರ ಮೇಲಿನ ಶಸ್ತ್ರಚಿಕಿತ್ಸೆಯ ಓದು. "ಈರುಳ್ಳಿ ಹೆಚ್ಚೋಕೆ ಕೂತ್ರೆ ಬೆರಳು ಕುಯ್ಕೋತಾಳೆ, ಇವಳು ಊರವರನ್ನ ಕುಯ್ತಾಳಂತೆ!" ಎಂದು ಅತ್ತೆ ನಕ್ಕರು. ನಕ್ಕರೂ ಬೆಳಿಗ್ಗೆ ಡಬ್ಬಿ ಕಟ್ಟಿಯೇ ಕಳಿಸಿದರು.

ಅಲ್ಲಿ ಮೊದಲ ಪಾಠ ಮನುಷ್ಯರ ಮೇಲಲ್ಲ. ಕುಯ್ಯುವುದನ್ನು ಕುಂಬಳಕಾಯಿಯ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆಯ ಮೇಲೆ, ಹುಣ್ಣಿನೊಳಗಿನ ದಾರಿ ಹುಡುಕುವುದನ್ನು ಹುಳು ತಿಂದ ಮರದ ಮೇಲೆ ಕಲಿಯಬೇಕು. ಹುಡುಕುವ ಕಡ್ಡಿಗೆ ಶಲಾಕೆ ಎನ್ನುತ್ತಾರೆ. ಮೊಂಡು ತುದಿ, ಬಾಲದಲ್ಲಿ ಸೂಜಿಗಿರುವಂಥ ಕಣ್ಣು. ಲಂಗಕ್ಕೆ ಲಾಡಿ ಏರಿಸುವ ಹಾಗೆ ಬೆರಳಿನ ಅಂದಾಜಿನಲ್ಲೇ ಹೋಗಬೇಕು.

ಮೊದಲ ದಿನವೇ ಅವಳ ಕಡ್ಡಿ ಮರದ ಆಚೆ ಬದಿಯಲ್ಲಿ ತಲೆ ಹೊರಹಾಕಿತು.

"ದಾರಿ ಸಿಕ್ತು ಸರ್!"

ಮೇಷ್ಟ್ರು ಮರದ ತುಂಡನ್ನು ಬೆಳಕಿಗೆ ಹಿಡಿದರು. ತೂತಿನ ಸುತ್ತ ಹೊಸ ಸಿಬಿರು ಎದ್ದಿತ್ತು.

"ಸಿಕ್ಕಲಿಲ್ಲ ಕಣಮ್ಮ, ನೀನೇ ಮಾಡ್ದೆ. ಇದು ರೋಗಿಯಾಗಿದ್ರೆ ಅವನದೊಂದು ಹುಣ್ಣು, ನಿನ್ನದೊಂದು."

ಅಂದಿನಿಂದ ಜೊತೆಯವರ ಬಾಯಲ್ಲಿ ಅವಳ ಹೆಸರು ಈಟಿ. ಮೇಷ್ಟ್ರು ಮಾತ್ರ ನಗಲಿಲ್ಲ. ಮೊದಲ ರೋಗಿಯಲ್ಲೂ ಹೀಗೇ ಆದರೆ ಮತ್ತೆ ಶಲಾಕೆ ಮುಟ್ಟುವಂತಿಲ್ಲ, ಓದು ಮುಗಿಯುವವರೆಗೂ ಗಾಯಕ್ಕೆ ಪಟ್ಟಿ ಕಟ್ಟುವುದೇ ಗತಿ ಎಂದರು.

ಮನೆಯ ಹಿಂದೆ ಹುಳು ತಿಂದ ಒಂದು ಮುರುಕು ಕುರ್ಚಿಯಿತ್ತು, ಅತ್ತೆ ಒಲೆಗೆಂದು ಎತ್ತಿಟ್ಟದ್ದು. ರಜೆಯ ಮಧ್ಯಾಹ್ನಗಳಲ್ಲಿ ಅದರ ಕಾಲನ್ನು ಮಡಿಲಲ್ಲಿ ಮಲಗಿಸಿಕೊಂಡು, ತೂತಿಗೆ ಶಲಾಕೆ ಇಳಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದಳು. ಬೆಚ್ಚಗಿನ ಬಿಸಿಲು. ಕಡ್ಡಿಯ ತುದಿ ಹೋದಲ್ಲಿಗೆ ಅವಳೂ ಹೋಗುತ್ತಿದ್ದಳು. ಒಳಗೆಲ್ಲ ಹಿಟ್ಟಿನಂಥ ನುಣುಪು ಪುಡಿ, ಹೆಜ್ಜೆ ಇಟ್ಟರೆ ಸದ್ದಿಲ್ಲ. ಹುಳು ಎಲ್ಲೋ ಮುಂದೆ ನಡೆದಿತ್ತು. ಗಂಟು ಬಂದರೆ ಬಳಸಿ, ಮೆತ್ತಗಿದ್ದರೆ ನೆಟ್ಟಗೆ. ಯಾರಿಗೂ ಏನೂ ತೋರಿಸಬೇಕಾಗಿಲ್ಲದ ನಡಿಗೆ ಅದು. ತನ್ನ ಕೈ ಎಲ್ಲಿ ಮುಗಿಯಿತು, ಕಡ್ಡಿ ಎಲ್ಲಿ ಶುರುವಾಯಿತು ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು. ಅತ್ತೆಯ ದನಿ ಇನ್ನಾವುದೋ ಬೀದಿಯಿಂದ ಬಂದಂತಿತ್ತು.

"ಕುರ್ಚಿಗೆ ಜೋಗುಳ ಹಾಡ್ತಿದೀಯೇನೆ?"

"ಶ್... ತಿರುವು ಬಂತು ಅತ್ತೆ."

"ಒಲೆ ಮೇಲೆ ಹಾಲು ಉಕ್ಕಿದ್ದು ಗೊತ್ತಾಗ್ಲಿಲ್ಲ, ತಿರುವು ಗೊತ್ತಾಯ್ತಂತೆ!"

ಅವಳ ಪಾಲಿಗೆ ಬಂದ ಮೊದಲ ರೋಗಿ ಒಬ್ಬ ಬಸ್ ಡ್ರೈವರು. ಕೂರುವ ಜಾಗದಲ್ಲೇ ಕೀವು ಸೋರುವ ಹಳೇ ಹುಣ್ಣು, ಒಳಗೆ ಸುರಂಗ ಕೊರೆದುಕೊಂಡಿತ್ತು. ಆ ಸುರಂಗದಲ್ಲಿ ಔಷಧಿ ಲೇಪಿಸಿದ ದಾರ ಹಾಯಿಸಿ ಕಟ್ಟಿದರೆ, ದಾರವೇ ದಿನದಿನಕ್ಕೆ ಕುಯ್ಯುತ್ತ, ಮಾಯಿಸುತ್ತ ಬರುತ್ತದೆ. ಸೊಂಟದ ಕೆಳಗೆ ಮರಗಟ್ಟಿಸಿದ್ದರೂ ಅವನ ಬಾಯಿ ಮರಗಟ್ಟಿರಲಿಲ್ಲ.

"ನಿಂತ್ಕೊಂಡು ಬಸ್ಸು ಓಡಿಸೋಕಾಗಲ್ಲ ಡಾಕ್ಟ್ರಮ್ಮ, ಸ್ವಲ್ಪ ನೋಡ್ಕೊಂಡು."

ಶಲಾಕೆ ಒಳಗೆ ಹೋಯಿತು, ನಿಂತಿತು. ಮೇಷ್ಟ್ರು ಪಕ್ಕದಲ್ಲೇ ಇದ್ದರು, ಜೊತೆಯವರು ಕತ್ತು ಚಾಚಿದ್ದರು. ಹೆಬ್ಬೆರಳು ಒತ್ತು ಒತ್ತು ಎಂದು ತುಡಿಯಿತು. ಅವಳು ಕಣ್ಣು ಮುಚ್ಚಿದಳು. ದೀಪದ ಶಾಖ ಬಿಸಿಲಾಯಿತು, ನೆಲ ಪುಡಿಪುಡಿಯಾಗಿ ಮೆತ್ತಗಾಯಿತು. ಇಲ್ಲಿ ಗಂಟಿದೆ. ಹುಳು ಇಲ್ಲಿ ಹೋಗಿಲ್ಲ.

"ಯಾಕಮ್ಮ ನಿಂತ್ರಿ?" ಎಂದ ಡ್ರೈವರು.

"ರಿವರ್ಸ್ ತಗೋತಿದೀನಿ."

ಅವನು ನಕ್ಕ. ಅವಳು ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು ಸುಮ್ಮನೆ ಹಿಡಿದುಕೊಂಡಳು. ತುದಿ ತಾನಾಗಿ ಎಡಕ್ಕೆ ವಾಲಿತು. ಅದರ ಹಿಂದೆ ಅವಳು ಹೋದಳು. ಸ್ವಲ್ಪ ಹೊತ್ತಿಗೆ, ಗುದದೊಳಗೆ ಸುರಂಗದ ಇನ್ನೊಂದು ಬಾಯಿಯಲ್ಲಿ ಕಾದಿದ್ದ ಅವಳ ಇನ್ನೊಂದು ಕೈಯ ಬೆರಳಿಗೆ ಮೊಂಡು ತುದಿ ಮೆಲ್ಲಗೆ ತಾಗಿತು. ಹೊಸ ರಕ್ತ ಬರಲಿಲ್ಲ.

"ಏನಮ್ಮ, ಮಾಡಿದ್ಯೋ, ಸಿಕ್ತೋ?"

"ಅದೇ ಕರ್ಕೊಂಡು ಹೋಯ್ತು ಸರ್."

ಮೇಷ್ಟ್ರು ಬಗ್ಗಿ ನೋಡಿದರು. "ಈಟಿಗೆ ದಾರ ಕೊಡ್ರಪ್ಪ" ಎಂದರು.

ಸಂಜೆ ಅವಳು ಹೇಳಿದ್ದೆಲ್ಲ ಕೇಳಿ ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತರು. "ಸರಿ, ಇನ್ನು ಕುರ್ಚಿ ಒಲೆಗೆ ಹಾಕ್ಬಹುದಲ್ಲ?"

ಅವಳು ಬಗ್ಗಿ ಕುರ್ಚಿಯ ಕಾಲ ಬುಡ ತೋರಿಸಿದಳು. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಚಿಟಿಕೆಯಷ್ಟು ಹೊಸ ಪುಡಿ ಉದುರಿತ್ತು.

"ಬೇಡ ಅತ್ತೆ. ಒಳಗೆ ಇನ್ನೂ ಇದಾರೆ."

"ಹಾಗಾದ್ರೆ ಇರ್ಲಿ ಬಿಡು" ಎಂದ ಅತ್ತೆ, ಮಳೆ ತಾಗದಂತೆ ಕುರ್ಚಿಯನ್ನು ಸೂರಿನ ಕೆಳಗೆ ಎಳೆದಿಟ್ಟರು.