ಎಂಟು ಗಡಿಕಲ್ಲುಗಳ ದಂಡಯಾತ್ರೆ

ಬೀಜಾಡಿಯ ಬಚ್ಚ ಮೊಗವೀರನ ಸಾಮ್ರಾಜ್ಯದ ವಿಸ್ತೀರ್ಣ ಐದು ಸೆಂಟ್ಸು. ೧೯೯೭ರಲ್ಲಿ ಸರ್ಕಾರ ಅವನಿಗೆ ಹಕ್ಕುಪತ್ರ ಕೊಟ್ಟು, ಕಡಲಿಗೆ ಮುಖ ಮಾಡಿದ ಹೊಯಿಗೆ ಮರಳಿನಲ್ಲಿ ಕಲ್ಲು ನೆಟ್ಟು, ಪಟ್ಟಾಭಿಷೇಕ ಮುಗಿಸಿತ್ತು. ಅವನ ಬೆನ್ನಿಗೆ ಕುಷ್ಟನ ಐದು ಸೆಂಟ್ಸು, ಕುಷ್ಟನ ಬೆನ್ನಿಗೆ ಮೀನು ಮಾರುವ ವಿಧವೆ ವನಜಳ ಐದು ಸೆಂಟ್ಸು, ಅದರಾಚೆ ಸರ್ಕಾರಿ ಪರಂಬೋಕಿನ ಗಾಳಿಮರದ ತೋಪು, ಕೊನೆಗೆ ರಸ್ತೆ. ಮೂರು ರಾಜ್ಯಗಳಿಗೂ ಸೇರಿ ಎಂಟು ಗಡಿಕಲ್ಲು. ವನಜಳ ಕೋಳಿಗಳನ್ನು ಬಿಟ್ಟರೆ ಆ ಗಡಿಗಳನ್ನು ಯಾರೂ ಉಲ್ಲಂಘಿಸಿದ್ದಿಲ್ಲ.

ಬಚ್ಚನಿಗೆ ಇದ್ದ ಒಬ್ಬನೇ ಶತ್ರು ಪಶ್ಚಿಮದಲ್ಲಿದ್ದ. ಮೊದಲೆಲ್ಲ ಕಡಲು ಮಳೆಗಾಲದಲ್ಲಿ ಎಳೆದುಕೊಂಡ ಹೊಯಿಗೆಯನ್ನು ಬೇಸಿಗೆಯಲ್ಲಿ ಮರ್ಯಾದಸ್ಥರ ಹಾಗೆ ತಿರುಗಿ ತಂದು ಹಾಕುತ್ತಿತ್ತು. ಬರಬರುತ್ತ ಒಯ್ಯುವುದು ಹೆಚ್ಚಾಯಿತು, ತರುವುದು ಮರೆತೇಹೋಯಿತು. ೧೯೯೯ರ ಮಳೆಗಾಲದಲ್ಲಿ ಬಚ್ಚನ ಅಂಗಳ ಇಪ್ಪತ್ತು ಅಡಿ ಕಾಣೆಯಾಯಿತು.

ಬೇರೆಯವರಾಗಿದ್ದರೆ ಅರ್ಜಿ ಬರೆಯುತ್ತಿದ್ದರು. ಬಚ್ಚ ದೋಣಿ ಎಳೆಯುವವರ ಮುಖಂಡ. ದಂಡೆಯಲ್ಲಿ ಸಾಲಾಗಿ ಇಟ್ಟ ದೋಣಿಗಳಿಗೆ ನೀರು ತಾಗಿದರೆ ಮುಂದಿನದೊಂದನ್ನೇ ಎಳೆಯುವ ಕ್ರಮವಿಲ್ಲ. ಎಲ್ಲಕ್ಕಿಂತ ಹಿಂದಿನದು ಮೊದಲು ಸರಿಯಬೇಕು, ಆಮೇಲೆ ಅದರ ಮುಂದಿನದು, ಕೊನೆಗೆ ನೀರಿನ ಬಾಯಲ್ಲಿರುವುದು. ಸಾಲು ಕೆಡಬಾರದು, ಯಾರ ಜಾಗವೂ ಕಿರಿದಾಗಬಾರದು. ದೋಣಿಗೆ ಸಲ್ಲುವ ಈ ಕಾನೂನು ಮನೆಗೂ ಸಲ್ಲುತ್ತದೆ ಎಂಬುದರಲ್ಲಿ ಬಚ್ಚನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಸರ್ಕಾರ ಕೊಟ್ಟದ್ದ್ ಐದ್ ಸೆಂಟ್ಸ್. ಕಡ್ಲ್ ಈಚಿಂದ ತಿಂದ್ರೆ ನಾವ್ ಆಚಿಗೆ ಹೋಪ. ಐದ್ ಐದೇ ಅಲ್ದಾ?" ಎಂದ.

"ಮತ್ತೆ ಕಲ್ಲ್?" ಎಂದ ಕುಷ್ಟ.

"ಕಲ್ಲಿಗೆಂತ ಕಾಲಿತ್ತಾ? ನಾವೇ ಹೊರ್ಕ್ ಮಾರಾಯ."

ಹೀಗೆ ಎಂಟು ಕಲ್ಲುಗಳ ಮೊದಲ ದಂಡಯಾತ್ರೆ ಪೂರ್ವ ದಿಕ್ಕಿಗೆ ಹೊರಟಿತು. ವನಜಳ ತೆಂಗಿನ ಮಡಲಿನ ಮನೆ ತೋಪಿನೊಳಕ್ಕೆ ಸರಿಯಿತು, ಕುಷ್ಟನದು ಅವಳ ಹಿಂದೆ, ಬಚ್ಚನದು ಕುಷ್ಟನ ಹಿಂದೆ. ೨೦೦೪ರಲ್ಲಿ ಎರಡನೆಯ ಯಾತ್ರೆ, ೨೦೦೯ರಲ್ಲಿ ಮೂರನೆಯದು, ಸಲಕ್ಕೆ ಇಪ್ಪತ್ತು ಅಡಿ. ಅಳತೆಗೆ ಬಲೆಯ ಹಗ್ಗ. ಮೂರನೆಯ ಸಲಕ್ಕೆ ಮಡಲು ಹೋಗಿ ಮುರಕಲ್ಲಿನ ಗೋಡೆ, ಹಂಚಿನ ಮಾಡು ಬಂದವು. ಮೂರು ಸಲ ಹಿಮ್ಮೆಟ್ಟಿಯೂ ಒಂದು ಅಂಗುಲ ನೆಲ ಕಳೆದುಕೊಳ್ಳದ ದೊರೆ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. ಕಳೆದುಕೊಂಡದ್ದು ಸೊಂಟ ಮಾತ್ರ. ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ.

"ಹ್ವಾಯ್, ಇನ್ನೊಂದ್ ಸಲ ಮನಿ ಹೊರುದಾರೆ ನನ್ನನ್ ಇಲ್ಲೇ ಬಿಟ್ಟ್ ಹೋಯ್ನಿ," ಎಂದು ಹೆಂಡತಿ ಜಲಜ ಮುಂಚಿತವಾಗಿಯೇ ಹೇಳಿಟ್ಟಿದ್ದಳು.

೨೦೧೩ರ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ವನಜಳ ಮನೆ ಸರ್ಕಾರಿ ಜಾಗದಲ್ಲಿದೆ, ಹದಿನೈದು ದಿನದಲ್ಲಿ ಖಾಲಿ ಮಾಡಬೇಕು ಎಂದು ನೋಟೀಸು ಅಂಟಿತು. ಅವಳು ತನ್ನ ಹಕ್ಕುಪತ್ರ ತೋರಿಸಿದಳು. ಅಳೆಯಲು ಸರ್ವೆಯರ್ ಗೋವರ್ಧನ ನಕ್ಷೆ ಹಿಡಿದು ಬಂದ. ಬೆಳಗಿನಿಂದ ಅಳೆದ, ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ, ಕೊನೆಗೆ ಒಂದು ಗಡಿಕಲ್ಲಿನ ಮೇಲೇ ಕುಸಿದು ಕೂತ.

"ಈ ಕಲ್ಲ್ ಇಲ್ಲಿಗೆ ಹ್ಯಾಂಗೆ ಬಂತ್ ಮಾರಾಯ್ರೆ?"

"ನಾವೇ ತಂದದ್ದ್ ಸಾರ್," ಎಂದ ಬಚ್ಚ, ಬಹುಮಾನ ಕಾಯುವವನಂತೆ. "ಹಗ್ಗ ಹಿಡ್ದ್ ಅಳ್ದದ್ದ್. ನೀವೇ ಕಾಣಿ, ಒಂದ್ ಬೆರಳ್ ತಪ್ಪಿಲ್ಲ."

"ಅದೇ ಗ್ರಾಚಾರ! ಒಂದ್ ಬೆರಳೂ ತಪ್ಪದ್ದಂಗೆ ಅರವತ್ತ್ ಅಡಿ ತಪ್ಪಿತ್!"

ನಕ್ಷೆಯಲ್ಲಿ ನೆಲ ನಡೆಯುವುದಿಲ್ಲ, ಗಡಿಕಲ್ಲು ಸರಿಸುವುದು ಅಪರಾಧ ಎಂದು ಗೋವರ್ಧನ ವಿವರಿಸಿದ. ಒಂದೊಂದು ಜಾಗದ ಉದ್ದವೂ ಅರವತ್ತೇ ಅಡಿ: ವನಜ ಕೂತದ್ದು ಸರ್ಕಾರದ ಜಾಗದಲ್ಲಿ, ಕುಷ್ಟ ಕೂತದ್ದು ವನಜಳ ಜಾಗದಲ್ಲಿ, ಬಚ್ಚ ಕೂತದ್ದು ಕುಷ್ಟನ ಜಾಗದಲ್ಲಿ. ಬಚ್ಚನ ಜಾಗ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಗೋವರ್ಧನನೂ ಕಡಲಿನ ಕಡೆ ನೋಡಲಿಲ್ಲ.

ಪರಿಹಾರವೂ ನಕ್ಷೆಯಲ್ಲೇ ಇತ್ತು. ಮೂವರೂ ಒಪ್ಪಿ ಬರೆದುಕೊಟ್ಟು, ಪ್ರತಿಯೊಬ್ಬರೂ ಕಡಲಿನ ಕಡೆಗೆ ಒಂದು ಮನೆ ಮುಂದೆ ಹೋಗಬೇಕು. ವನಜಳಿಗೆ ಕುಷ್ಟನ ಮನೆ, ಕುಷ್ಟನಿಗೆ ಬಚ್ಚನ ಮನೆ. ಬಚ್ಚ ಗುಡ್ಡೆಯ ಬದಿಯಲ್ಲಿ ಮೂರು ಸೆಂಟ್ಸಿಗೆ ಅರ್ಜಿ ಹಾಕಬಹುದು. ಸಿಗುವುದು ಯಾವ ಕಾಲಕ್ಕೆ ಎಂದು ಯಾವ ನಕ್ಷೆಯೂ ಹೇಳುವುದಿಲ್ಲ. ಬಚ್ಚ ಏಳದಿದ್ದರೆ ಕುಷ್ಟ ಏಳುವಂತಿಲ್ಲ, ಕುಷ್ಟ ಏಳದಿದ್ದರೆ ವನಜಳ ಮನೆ ಜೆಸಿಬಿಯ ಬಾಯಿಗೆ.

ಕುಷ್ಟ ಮರುದಿನ ಬೆಳಗಾಗುತ್ತಲೇ ಓಡಿ ಬಂದ. ಕಡಲಿನ ಎದುರು ಮೊದಲ ಸಾಲಿನ ಪದವಿ ಅವನಿಗೂ ಬೇಡವಾಗಿತ್ತು.

"ಬಚ್ಚಣ್ಣ, ನೀವ್ ಏಳುದೇ ಬ್ಯಾಡ. ಕೋರ್ಟಿಗೆ ಹೋಪ. ಇಪ್ಪತ್ ವರ್ಷ ನಮ್ಮನ್ನ್ ಯಾರೂ ಎಬ್ಸುದಿಲ್ಲ."

"ಇಪ್ಪತ್ ವರ್ಷ ಕೋರ್ಟ್ ಕಾಯತ್ತ್. ವನಜನ್ ಮನಿ ಹದ್ನೈದ್ ದಿನ ಮಾತ್ರ ಅಲ್ದಾ?"

"ಅವ್ಳಿಗೆ ಬೇರೆ ಎಂತಾರೂ ಮಾಡುವ."

"ಎಂತ ಮಾಡ್ತೆ, ಹೇಳ್ ಕಾಂಬ."

ಕುಷ್ಟ ಬಂದ ದಾರಿಯಲ್ಲೇ ತಿರುಗಿ ಹೋದ. ಮಧ್ಯಾಹ್ನ ವನಜ ಖಾಲಿ ಬುಟ್ಟಿ ಹಿಡಿದು ಜಗಲಿಗೆ ಬಂದಳು. ಜಲಜ ಕೊಟ್ಟ ಚಾ ಕುಡಿದಳು, ಲೋಟ ತೊಳೆದಿಟ್ಟಳು.

"ನಾನೆಂತ ಹೇಳುದ್ ಬಚ್ಚಣ್ಣ. ನೀವ್ ಸರಿ ಅಂದ್ರಿ, ಸರ್ದೆ. ಮೂರ್ ಸಲವೂ ಮೊದ್ಲ್ ಸರ್ದದ್ದ್ ನಾನೇ," ಎಂದು ಹೊರಟುಹೋದಳು.

ಬಚ್ಚ ಅಂದು ಊಟ ಮಾಡಿದ, ಆದರೆ ಸಾರಿಗೆ ಉಪ್ಪು ಹಾಕಿಲ್ಲ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಕಡಲಿನ ಜತೆ ಹದಿನಾಲ್ಕು ವರ್ಷ ಕುಸ್ತಿ ಮಾಡಿದಾಗ ಇಷ್ಟು ಆಯಾಸವಾದದ್ದಿಲ್ಲ. ಮರುದಿನ ಗೋವರ್ಧನ ಇಟ್ಟ ಒಂದು ಹಾಳೆಯ ಎದುರು ಪೆನ್ನು ಹಿಡಿದಾಗ ಆಯಿತು. ಮನೆ ಬಿಡಲು ಒಪ್ಪಿದ್ದಲ್ಲದೆ, ಕಲ್ಲುಗಳನ್ನೆಲ್ಲ ತಾನೊಬ್ಬನೇ ಸರಿಸಿದ್ದು, ಉಳಿದಿಬ್ಬರಿಗೆ ಗೊತ್ತೇ ಇರಲಿಲ್ಲ ಎಂದು ಬರೆಸಿ, ರುಜು ಹಾಕಿದ.

"ಎಂಟ್ ಕಲ್ಲ್, ಮೂರ್ ಸಲ, ಒಬ್ರೇ?" ಎಂದ ಗೋವರ್ಧನ.

"ಆಗ ಸೊಂಟ ಗಟ್ಟಿ ಇತ್ತ್ ಸಾರ್."

ಗೋವರ್ಧನ ಹಾಳೆ ಮಡಚಿದ.

ಮನೆ ಬಿಡುವ ದಿನ ಕುಷ್ಟ ಅಂಗಳದಲ್ಲಿ ತಪ್ಪಿತಸ್ಥನಂತೆ ನಿಂತಿದ್ದ. ಮಳೆಗೆ ಇನ್ನು ಮೂರು ವಾರ.

"ಬಚ್ಚಣ್ಣ, ಹಂಚಾದ್ರೂ ಬಿಚ್ಚಿ ತಕಂಡ್ ಹೋಯ್ನಿ. ಜಾಗ ಮಾತ್ರ ನಂದ್, ಹಂಚ್ ನಿಮ್ದೇ ಅಂದೇಳಿ ಸರ್ವೆಯವ್ರೇ ಹೇಳಿರ್."

ಬಚ್ಚ ತಲೆ ಎತ್ತಿ ಮಾಡನ್ನು ನೋಡಿದ. "ಇರ್ಲಿ. ಹಂಚ್ ಬಿಚ್ಚಿರೆ ನೀ ಮಳಿಗೆ ಎಲ್ಲಿರ್ತೆ?"

"ಅದ್ ಹಂಚ್ ಹೊರುಕೆ ಸೊಂಟ ಇಲ್ಲ, ಅದ್ಕೆ ಈ ಧರ್ಮ!" ಎಂದಳು ಜಲಜ, ಪಾತ್ರೆಗಳ ಗಂಟಿಗೆ ಇನ್ನೊಂದು ಬಿಗಿ ಹಾಕುತ್ತ. ತಲ್ಲೂರಿನಲ್ಲಿ ಅವಳ ತಂಗಿಯ ಮನೆಯ ಹಿಂದಿನ ಕೋಣೆ ಸದ್ಯಕ್ಕೆ ಸಿಕ್ಕಿತ್ತು. "ಏಳಿ, ಬಸ್ ತಪ್ಪತ್ತ್."

"ಇನ್ನೊಂದ್ ಬಸ್ ಬತ್ತ್ ಮಾರಾಯ್ತಿ. ಒಂಚೂರ್ ಕೂಕಂತೆ."

ಅವನು ಗೋಡೆ ಹಿಡಿದು ಮೆಲ್ಲಗೆ ಜಗಲಿಯಲ್ಲಿ ಕೂತು, ಕಾಲು ಚಾಚಿದ. ಮನೆಯ ಹೊಸ ಯಜಮಾನ ಇನ್ನೂ ಬಿಸಿಲಲ್ಲೇ ನಿಂತಿದ್ದ, ಮೆಟ್ಟಿಲು ಹತ್ತುವುದೋ ಬಿಡುವುದೋ ತಿಳಿಯದೆ.

"ಎಂತಕ್ ಅಲ್ಲೇ ನಿಂತಿದ್ದೆ ಮಾರಾಯ?" ಎಂದ ಬಚ್ಚ. "ಬಾ, ಕೂಕೊ."