ಗ್ರೆನಡಾಕ್ಕೆ ಹಸಿರು ಶಾಯಿ

ನಮ್ಮ ಮನೆಯವರಿಗೆ ಬಾಯಿಮಾತು ಮಾತೇ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೂತು ಇಡೀ ನೌಕರಿ ಬೇರೆಯವರ ಫೈಲುಗಳನ್ನು ಪರಿಶೀಲಿಸಿ ಮೇಲಕ್ಕೆ ಕಳಿಸಿದ ಮನುಷ್ಯ. ಕಾಗದದ ಮೇಲೆ ಬರೆದದ್ದು ಮಾತ್ರ ಅವರ ಕಿವಿಗೆ ಕೇಳುತ್ತದೆ. ಮಗಳಿಗೆ ಗಂಡು ನೋಡುವಾಗ ಮನೆಯಲ್ಲಿ ಒಂದು ಫೈಲು ಇತ್ತು, ಕೂಲರ್ ರಿಪೇರಿಗೂ ಒಂದು ಇತ್ತು. ಎಡಕ್ಕೆ ಟಿಪ್ಪಣಿ ಹಾಳೆ, ಬಲಕ್ಕೆ ಪತ್ರಗಳು, ಮೂಲೆಯಲ್ಲಿ ಬಿಳಿ ಲಾಡಿ. ವಿಜಯಪುರ ಕಡೆಯ ನನ್ನ ತವರಿನವರು ಬಂದಾಗ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿಕ್ಕೆ ಅವರದೇನು ಗಂಟು ಹೋಗುತ್ತದೆ, ಸಂಸಾರ ಮಾಡುವವಳು ನಾನು.

ನಿವೃತ್ತರಾಗಿ ತಿಂಗಳಾಗಿರಲಿಲ್ಲ, ನಾಗಪುರದ ಸದರ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜಿನ ಮೇಲೆ ಹೊಸ ಫೈಲು ಬಂತು. ವಿಷಯ: ವೆಸ್ಟ್ ಇಂಡೀಸ್ ಪ್ರವಾಸ, ಇಬ್ಬರಿಗೆ. ನನಗೆ ನಿಜಕ್ಕೂ ಖುಷಿಯಾಯಿತು. ನೌಕರಿಯಲ್ಲಿದ್ದಾಗ ನಾವು ಹೋದದ್ದೆಲ್ಲ ಸರ್ಕಾರ ಕೊಡುವ ರಜಾ ಪ್ರವಾಸ. ಒಂದು ಸಲ ಹುಟ್ಟೂರು, ಇನ್ನೊಂದು ಸಲ ದೇಶದೊಳಗಿನ ಯಾವುದಾದರೂ ಊರು. ಆ ಯಾವುದಾದರೂ ಊರು ಯಾವುದು ಅಂತ ನನಗೆ ಟಿಕೆಟ್ ಬಂದ ದಿನ ಗೊತ್ತಾಗುತ್ತಿತ್ತು. ಕನ್ಯಾಕುಮಾರಿಗೂ ಹಾಗೇ ಹೋದೆ, ಅಮೃತಸರಕ್ಕೂ ಹಾಗೇ ಹೋದೆ. ಈ ಸಲ ಹಾಗಾಗಬಾರದು ಅಂತ ಫೈಲು ನೋಡಿದ ಕ್ಷಣವೇ ನಾನು ನಿರ್ಧಾರ ಮಾಡಿದ್ದೆ.

ಅವರಿಗೆ ಬಾರ್ಬಡೋಸ್ ಬೇಕಿತ್ತು. ತಾವು ಹುಡುಗರಿದ್ದಾಗ ರೇಡಿಯೋಕ್ಕೆ ಕಿವಿ ಹಚ್ಚಿ ಕೇಳಿದ ಕ್ರಿಕೆಟ್ ಮೈದಾನ ಅಲ್ಲಿದೆ. ಅದರ ಹುಲ್ಲು ಒಮ್ಮೆ ನೋಡಬೇಕು, ಸಾಕು. ನನಗೆ ಗ್ರೆನಡಾ ಬೇಕಿತ್ತು. ಅದು ಜಾಯಿಕಾಯಿ ಬೆಳೆಯುವ ದ್ವೀಪ. ಹೋಳಿಗೆ ಹೂರಣಕ್ಕೆ ತೇಯ್ದು ಹಾಕುವ ಜಾಯಿಕಾಯಿಯನ್ನು ಗಿಡದ ಮೇಲೆ ನೋಡುವ ಆಸೆ ಇತ್ತು ಖರೆ, ಆದರೆ ಕಾರಣ ಅದಲ್ಲ. ಪುಣೆಯಲ್ಲಿರುವ ಮಗಳು ಒಂದು ಸಲ ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದಳು. ಗ್ರೆನಡಾದ ಸಮುದ್ರದ ತಳದಲ್ಲಿ ಯಾರೋ ಶಿಲ್ಪಿ ಮಕ್ಕಳ ಮೂರ್ತಿಗಳನ್ನು ಮಾಡಿ ಇಟ್ಟಿದ್ದಾರೆ. ಮಕ್ಕಳು ಕೈ ಕೈ ಹಿಡಿದು ದುಂಡಗೆ ನಿಂತಿವೆ, ನಡುವೆ ಮೀನು ಓಡಾಡುತ್ತವೆ. ನೋಡಬೇಕೆಂದರೆ ದೋಣಿಯಿಂದ ನೀರಿಗಿಳಿದು, ಮುಖ ಮುಳುಗಿಸಿ, ಈಜಿಕೊಂಡು ಅವುಗಳ ಮೇಲೆ ಹೋಗಬೇಕು.

ನನಗೆ ಈಜು ಬರುತ್ತದೆ. ಇದನ್ನು ಬರೆಯುವಾಗಲೂ ನನಗೆ ಎದೆ ಉಬ್ಬುತ್ತದೆ. ನಮ್ಮ ಊರಲ್ಲಿ ಅಣ್ಣಂದಿರಿಗೆಲ್ಲ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ನೂಕಿ ಈಜು ಕಲಿಸಿದರು. ನಾನು ಮೆಟ್ಟಿಲ ಮೇಲೆ ಅವರ ಅಂಗಿ ಚಡ್ಡಿ ಹಿಡಿದುಕೊಂಡು ನಿಂತಿದ್ದೆ. ನನಗೂ ಕಲಿಸಿರಿ ಅಂದರೆ ಅಜ್ಜಿ, "ಹೆಣ್ಣ ಹುಡುಗಿ ಈಸಿ ಎಲ್ಲಿಗಿ ಹೋಗಬೇಕಾಗೇತಿ?" ಅಂದಳು. ಐವತ್ತಾರು ತುಂಬಿ ಮೊಣಕಾಲು ಹಿಡಿದುಕೊಂಡಾಗ ಡಾಕ್ಟರು ನೀರಿನ ವ್ಯಾಯಾಮ ಮಾಡಿರಿ ಅಂದರು. ನಾನು ಈಜುಕೊಳದಲ್ಲಿ ಮಹಿಳೆಯರ ಬ್ಯಾಚಿಗೆ ಸೇರಿಕೊಂಡೆ. ಕಲಿಸುವ ಹುಡುಗಿ ನನ್ನ ಮಗಳಿಗಿಂತ ಸಣ್ಣವಳು, "ಕಾಕೂ, ಪಾಯ್ ಹಲವಾ" ಅಂತ ದಂಡೆಯಿಂದ ಕೂಗುತ್ತಲೇ ಇರುತ್ತಿದ್ದಳು. ಕಾಲು ಆಡಿಸಿದೆ, ನೀರು ಕುಡಿದೆ, ಅತ್ತೆ. ಎರಡು ಬೇಸಿಗೆ ಹಿಡಿಯಿತು. ನಮ್ಮವರು ಮಾತ್ರ ನಾನು ಅಲ್ಲಿ ಸೊಂಟದ ನೀರಲ್ಲಿ ನಡೆದಾಡಿ ಬರುತ್ತೇನೆ ಅಂತಲೇ ತಿಳಿದಿದ್ದರು. ಒಂದು ದಿನವೂ ಬಂದು ನೋಡಲಿಲ್ಲ.

ಹೀಗಿರುವಾಗ ಅವರು ಎರಡೂ ದ್ವೀಪಗಳ ತುಲನಾ ಪಟ್ಟಿ ಮಾಡಿದರು. ವಿಮಾನ, ಹವೆ, ಊಟ, ಆಸ್ಪತ್ರೆ, ಒಂದೊಂದಕ್ಕೆ ಒಂದೊಂದು ಸಾಲು. ಎಲ್ಲದರಲ್ಲೂ ಬಾರ್ಬಡೋಸ್ ಮುಂದು. ಪಟ್ಟಿ ಮಾಡಿದವರೇ ಅವರು, ಇನ್ನೇನಾಗುತ್ತದೆ? ಏಳನೇ ಸಾಲಿಗೆ ಬಂದೆ. ಗ್ರೆನಡಾ, ನೀರಿನಡಿಯ ಮೂರ್ತಿಗಳು. ಅದರ ಮುಂದೆ ಬರೆದಿದ್ದರು: ನಮಗೆ ಅನ್ವಯಿಸುವುದಿಲ್ಲ.

ನನಗೆ ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು. "ಯಾಕ ಅನ್ವಯಿಸಂಗಿಲ್ಲ? ನನಗ ಈಸ ಬರತೈತಿ," ಅಂದೆ.

"ತೊಟ್ಟಿ ನೀರ ಬ್ಯಾರೆ, ಸಮುದ್ರ ಬ್ಯಾರೆ. ಈ ವಯಸ್ಸಿನ್ಯಾಗ ಇದೆಲ್ಲ ಯಾಕ ಬೇಕು," ಅಂತ ಅವರು ಚಹಾ ಕುಡಿಯುತ್ತ ಹೇಳಿದರು.

ನಾನು ಒಂದು ವಾರ ಜಗಳಾಡಿದೆ. ಪಾತ್ರೆ ಕುಕ್ಕಿದೆ, ಮಾತು ಬಿಟ್ಟೆ, ಮತ್ತೆ ಮಾತಾಡಿ ಜಗಳ ತೆಗೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಮಗಳಿಗೆ ಫೋನು ಹಚ್ಚಿ ಗೋಳು ತೋಡಿಕೊಂಡೆ. ಅವಳದು ಯಾವಾಗಲೂ ಅರ್ಧ ಮರಾಠಿ. "ಅಮ್ಮಾ, ಭಾಂಡತೇಸ್ ಕಶಾಲಾ? ಪಪ್ಪಾಗ ಜಗಳ ಕೇಳಸಂಗಿಲ್ಲ. ಲಿಹೂನ್ ದೇ," ಅಂದಳು. ಜಗಳ ಯಾಕೆ, ಬರೆದುಕೊಡು ಅಂತ.

ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಮದುವೆಯಾಗಿ ಮೂವತ್ತಮೂರು ವರ್ಷ ನಾನು ಬಾಯಲ್ಲೇ ಜಗಳಾಡಿದ್ದೆ. ಶಾಲೆಯಲ್ಲಿ ಮಕ್ಕಳ ಪೇಪರು ತಿದ್ದಿ ಬಂದವಳು ನಾನು, ನನಗೇನು ಬರೆಯಲಿಕ್ಕೆ ಬರುವುದಿಲ್ಲವೇ? ನನ್ನ ದಡ್ಡತನಕ್ಕೆ ನನಗೇ ನಗು ಬಂತು.

ಮರುದಿನ ಸ್ಕೂಟಿ ತೆಗೆದುಕೊಂಡು ಹಳೆ ಪೇಟೆ ಮಹಾಲ್‌ಗೆ ಹೋದೆ. ಆ ಗಲ್ಲಿಗಳಲ್ಲಿ ಗಾಡಿ ತಿರುಗಿಸುವುದೇ ಒಂದು ಪರೀಕ್ಷೆ, ಆದರೆ ಹಳೆಯ ಸ್ಟೇಷನರಿ ಅಂಗಡಿ ಇರುವುದು ಅಲ್ಲೇ. ಒಂದು ಹಸಿರು ಶಾಯಿಯ ಪೆನ್ನು ತಂದೆ. ಸರ್ಕಾರಿ ಮನೆಯಲ್ಲಿ ಬಾಳಿದವರಿಗೆ ಹಸಿರು ಶಾಯಿ ಅಂದರೇನು ಅಂತ ಹೇಳಬೇಕಾಗಿಲ್ಲ. ಅದು ದೊಡ್ಡ ಸಾಹೇಬರ ಶಾಯಿ. ನಮ್ಮವರು ನೌಕರಿಯುದ್ದಕ್ಕೂ ನೀಲಿಯಲ್ಲಿ ಬರೆದು ಹಸಿರಿಗೆ ತಲೆ ಬಾಗಿದವರು. ಅವರು ಸಂಜೆ ವಾಕಿಂಗ್ ಹೋದಾಗ ಫೈಲು ಬಿಚ್ಚಿ, ಅವರ ಟಿಪ್ಪಣಿಯ ಕೆಳಗೆ, ಕನ್ನಡದಲ್ಲಿ ಬರೆದೆ:

"ಏಳನೇ ಸಾಲನ್ನು ಒಪ್ಪಲಾಗದು. ಸದರಿ ಮಹಿಳೆಗೆ ಈಜು ಬರುತ್ತದೆ. ಪರಿಶೀಲಿಸದೆಯೇ 'ಅನ್ವಯಿಸುವುದಿಲ್ಲ' ಎಂದು ನಮೂದಿಸಿರುವುದು ಹೇಗೆ? ಕಾರಣ ತಿಳಿಸುವುದು."

ಕೆಳಗೆ ಸಹಿ ಮಾಡಿದೆ, ತಾರೀಖು ಹಾಕಿದೆ, ಲಾಡಿ ಕಟ್ಟಿ ಇಟ್ಟ ಜಾಗದಲ್ಲೇ ಇಟ್ಟೆ.

ಬಂದು ಫೈಲು ತೆರೆದರು. ಅಡುಗೆಮನೆಯ ಬಾಗಿಲಿಂದ ನಾನು ನೋಡುತ್ತಿದ್ದೆ. ಹಸಿರು ಕಂಡದ್ದೇ ತಡ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಎರಡು ದಿನ ಫೈಲನ್ನು ಮುಟ್ಟಲೇ ಇಲ್ಲ, ಮೂರನೇ ದಿನ ಉತ್ತರ ಬಂತು: "ಈಜು ಬರುತ್ತದೆ ಎಂಬುದಕ್ಕೆ ದಾಖಲೆ ಇಲ್ಲ. ಸ್ಥಳ ಪರಿಶೀಲನೆ ಆಗತಕ್ಕದ್ದು."

ಬಾ ಮಗನೇ ದಾರಿಗೆ, ಅಂದುಕೊಂಡೆ. ಗಂಡನಿಗೆ ಹಾಗನ್ನಬಾರದು, ಆದರೆ ಅಂದುಕೊಂಡೆ.

ಬುಧವಾರ ಪರಿಶೀಲನೆ ಅಂತ ನಿಗದಿಯಾಯಿತು. ಇಸ್ತ್ರಿ ಮಾಡಿದ ಶರ್ಟು, ಚರ್ಮದ ಬೂಟು, ಕಂಕುಳಲ್ಲಿ ಫೈಲು. ಮಾಜಿ ಅಧಿಕಾರಿ ನನ್ನ ಸ್ಕೂಟಿಯ ಹಿಂದೆ ಕೂತು ಬಂದರು. ಈಜುಕೊಳದ ಗೇಟಿನಲ್ಲಿ ಕೂತಿದ್ದ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ ತಡೆದಳು. ಮಹಿಳೆಯರ ಬ್ಯಾಚು, ಗಂಡಸರಿಗೆ ಪ್ರವೇಶವಿಲ್ಲ. ಪರಿಶೀಲನೆ ಮಾಡಬೇಕು ಅಂತ ಅವರು ಹಿಂದಿಯಲ್ಲಿ ಹೇಳಿದ್ದಕ್ಕೆ ಅವಳು ಇನ್ನಷ್ಟು ಸಿಟ್ಟಾದಳು. ಇಬ್ಬರೂ ಬರಿಗೈಲಿ ಮನೆಗೆ ಬಂದೆವು. ಊಟಕ್ಕೆ ಮುಂಚೆಯೇ ಟಿಪ್ಪಣಿ ಸಿದ್ಧವಾಗಿತ್ತು: "ಪರಿಶೀಲನೆ ಸಾಧ್ಯವಾಗಲಿಲ್ಲ. ಬಾರ್ಬಡೋಸ್ ಪ್ರಸ್ತಾವ ಮುಂದುವರಿಸಬಹುದು." ಅವತ್ತು ಅವರು ಒಂದು ಚಪಾತಿ ಜಾಸ್ತಿ ಉಂಡರು.

ಉಳಿದದ್ದು ಒಂದೇ ದಾರಿ. ರವಿವಾರ ಬೆಳಿಗ್ಗೆ ಎಲ್ಲರಿಗೂ ತೆರೆದ ಬ್ಯಾಚು ಇರುತ್ತದೆ. ಗಂಡಸರು, ಕಾಲೇಜು ಹುಡುಗರು, ನಮ್ಮ ಓಣಿಯವರು, ನನ್ನ ಕೈಯಲ್ಲಿ ಕಲಿತು ಈಗ ಮೀಸೆ ಬಂದ ವಿದ್ಯಾರ್ಥಿಗಳು, ಎಲ್ಲರೂ ಬರುತ್ತಾರೆ. ಅವರ ಮುಂದೆ ನಾನು ಆ ಬಿಗಿ ಉಡುಪಿನಲ್ಲಿ ನಿಲ್ಲಬೇಕು. ಮೊಣಕಾಲತನಕ ಮೈ ಮುಚ್ಚುತ್ತದೆ, ಆದರೂ ಜನ್ಮವಿಡೀ ಸೀರೆಯಲ್ಲಿ ಪಾಠ ಹೇಳಿದವಳು ನಾನು. ಎರಡು ದಿನ ಅನ್ನ ಇಳಿಯಲಿಲ್ಲ. ಬಿಟ್ಟುಬಿಡಲೇ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಬಿಟ್ಟರೆ ಆ ಏಳನೇ ಸಾಲು ಸಾಯುವ ತನಕ ನನ್ನ ಹೆಸರಿನ ಮುಂದೆ ನಿಂತಿರುತ್ತದೆ ಅಂತ ಗೊತ್ತಿತ್ತು. ಫೈಲಿನಲ್ಲಿ ಹಸಿರಿನಲ್ಲಿ ಬರೆದೆ: "ರವಿವಾರ, ಬೆಳಿಗ್ಗೆ ಏಳು."

ರವಿವಾರ ಬಟ್ಟೆ ಬದಲಿಸಿ ಹೊರಗೆ ಬಂದಾಗ ಯಾರ ಮುಖವನ್ನೂ ನೋಡಲಿಲ್ಲ. "ಟೀಚರ್, ನಮಸ್ತೇ" ಅಂತ ನೀರಿನಿಂದ ಒಂದು ದನಿ ಬಂತು. ತಲೆ ಆಡಿಸಿ ಮುಂದೆ ಹೋದೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಆಳದ ಕಡೆಯಿಂದಲೇ ಇಳಿದೆ. ಒಂದು ಉದ್ದ ಹೋದೆ, ವಾಪಸು ಬಂದೆ. ನಮ್ಮವರು ದಂಡೆಯ ಮೇಲೆ ಬೂಟು ಹಾಕಿಕೊಂಡು ಫೈಲು ಹಿಡಿದು ನಿಂತಿದ್ದರು. ಮೂರನೇ ಸುತ್ತಿನ ನಡುವೆ ಉಸಿರು ಸೋತಿತು. ಹುಡುಗಿ ಕಲಿಸಿದ ಹಾಗೆ ಅಂಗಾತ ತಿರುಗಿ ನೀರಿನ ಮೇಲೆ ಸುಮ್ಮನೆ ಮಲಗಿದೆ. ಕಿವಿಯೊಳಗೆ ನೀರು, ಮೇಲೆ ನಾಗಪುರದ ಬಿಳಿ ಆಕಾಶ, ಎಷ್ಟು ಹಾಯಾಗಿತ್ತು. ದಂಡೆಯ ಮೇಲಿದ್ದವರಿಗೆ ಅದು ಹಾಗೆ ಕಾಣಲಿಲ್ಲ. ಅವರು ನನ್ನ ಜೊತೆಜೊತೆಗೆ ದಂಡೆಗುಂಟ ಓಡುತ್ತಿದ್ದರಂತೆ, ಒಂದು ಕಾಲು ನೀರು ಹರಿಯುವ ಗಟಾರಕ್ಕೆ ಇಳಿದು ಬೂಟು ತೋಯ್ದಿತ್ತು. "ಏ, ಸಾಕ ಬಾ, ಸಾಕ ಬಾ," ಅನ್ನುವುದು ಮಾತ್ರ ನನಗೆ ಕೇಳಿಸಿತು. ನಾನು ಮಗ್ಗುಲಾಗಿ ಮೂರನೆಯದು ಮುಗಿಸಿದೆ. ಗೋಡೆ ಮುಟ್ಟಿ, ಅವರ ಕಡೆ ನೋಡದೆ, ನಾಲ್ಕನೆಯದಕ್ಕೆ ಹೊರಟೆ.

ಆಮೇಲೆ ಗೇಟಿನಾಚೆಯ ಗಾಡಿಯಲ್ಲಿ ತರ್ರಿ ಪೋಹೆ ತಿನ್ನಲು ನಿಂತೆವು. ಖಾರದ ರಸ ಸುರಿದ ಆ ಅವಲಕ್ಕಿ ಅಂದರೆ ಅವರಿಗೆ ಜೀವ, ಅವತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ನೀ ಮುಳುಗಿದ್ರ ನಾ ಏನ ಮಾಡ್ಲಿ? ನನಗ ಈಸ ಬರಂಗಿಲ್ಲ. ದಂಡಿ ಮ್ಯಾಲೆ ನಿಂತ ನೋಡೂದಷ್ಟ ನನ್ನ ಕೈಯಾಗ ಇರೂದು," ಅಂದರು.

ಅವರ ಬಾಯಿಂದ ಇಂಥ ಮಾತು ನಾನು ಕೇಳಿರಲಿಲ್ಲ. ಕ್ರಿಕೆಟ್ಟು, ಮೈದಾನ, ಪಟ್ಟಿ, ಎಲ್ಲದರ ಅಡಿಯಲ್ಲಿ ಈ ಹೆದರಿಕೆ ಕೂತಿತ್ತು. ಪಾಪ ಅನ್ನಿಸಿತು. ಆದರೆ ಪಾಪ ಅಂತ ಗ್ರೆನಡಾ ಬಿಟ್ಟುಕೊಡುವವಳಲ್ಲ ನಾನು.

"ನೋಡ್ರಿ, ಅಷ್ಟ ಸಾಕು," ಅಂದೆ. "ಇಷ್ಟ ದಿನ ಅದನ್ನೂ ಮಾಡಿಲ್ಲ ನೀವು."

ಸಂಜೆ ಫೈಲು ಮೇಜಿನ ಮೇಲೆ ತೆರೆದೇ ಇತ್ತು. ಮೂಲೆ ತೋಯ್ದು ಒಣಗಿದ ಹಾಳೆಯ ಮೇಲೆ ನೀಲಿಯಲ್ಲಿ ಬರೆದಿದ್ದರು: "ಸ್ಥಳ ಪರಿಶೀಲಿಸಲಾಗಿದೆ. ನಾಲ್ಕು ಸುತ್ತು. ಏಳನೇ ಸಾಲು ರದ್ದು. ಗ್ರೆನಡಾ." ನಾನು ಓಣಿಯ ಎಂಟು ಮನೆಗೆ ಕಿತ್ತಳೆಯ ಸಂತ್ರಾ ಬರ್ಫಿ ಹಂಚಿದೆ. ಏನು ವಿಶೇಷ ಅಂತ ಕೇಳಿದವರಿಗೆಲ್ಲ ಗೆದ್ದೆ ಅಂತ ಹೇಳಿದೆ. ಯಾವುದರಲ್ಲಿ ಅಂತ ಕೇಳಿದವರಿಗೆ ಕೂರಿಸಿಕೊಂಡು ಪೂರ್ತಿ ಹೇಳಿದೆ.

ಫೆಬ್ರವರಿಯಲ್ಲಿ ಹೋದೆವು. ಲಂಡನ್ ಮೇಲೆ ಹಾಯ್ದು ಹೋಗುವ ಆ ಪ್ರಯಾಣದಲ್ಲಿ ನನ್ನ ಮೊಣಕಾಲು ಊದಿ ಕುಂಬಳಕಾಯಿಯಾಯಿತು, ಆದರೂ ಮೂರನೇ ದಿನ ನಾವು ದೋಣಿಯಲ್ಲಿದ್ದೆವು. ನೀರು ತಿಳಿಯಾಗಿತ್ತು. ದಂಡೆ ದೂರ ಉಳಿಯಿತು, ದೋಣಿ ನಿಂತಿತು. ದೋಣಿಯವನು ನಮ್ಮ ವಯಸ್ಸಿನವನೇ. ನನ್ನ ಬಿಳಿ ಕೂದಲು ನೋಡಿದ, ಮೊಣಕಾಲಿನ ಪಟ್ಟಿ ನೋಡಿದ. ನಾನು ಎದುರಿಗೇ ಕೂತಿದ್ದರೂ ನನ್ನನ್ನು ಬಿಟ್ಟು ನಮ್ಮವರನ್ನು ಕೇಳಿದ, ಇವರಿಗೆ ಈಜು ಬರುತ್ತದೆಯೇ ಅಂತ.

ಏಳು ಸಮುದ್ರ ದಾಟಿದರೂ ಇದೇ ಕಥೆಯೇ ಅಂತ ನನಗೆ ಸಿಟ್ಟು ನೆತ್ತಿಗೇರಿತು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮವರು, ಎರಡೂ ಕೈಯಿಂದ ದೋಣಿಯ ಅಂಚು ಬಿಗಿಯಾಗಿ ಹಿಡಿದುಕೊಂಡು, ಮುಖ ಬಿಳಿಚಿದ್ದರೂ ದನಿ ನಡುಗಿಸದೆ, ಇಂಗ್ಲಿಷಿನಲ್ಲಿ ಹೇಳಿದರು: "ಬರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ."

ನಾನು ನೀರಿಗಿಳಿದೆ. ಮುಖ ಮುಳುಗಿಸಿ ಕೈಕಾಲು ಆಡಿಸಿಕೊಂಡು ಹೋದೆ. ಕೆಳಗೆ ಮಕ್ಕಳು ದುಂಡಗೆ ನಿಂತಿದ್ದವು, ಮೈಮೇಲೆಲ್ಲ ಪಾಚಿ, ಒಂದು ಹಳದಿ ಮೀನು ಅವುಗಳ ಕೈಗಳ ಸಂದಿಯಿಂದ ನುಸುಳಿ ಹೋಯಿತು. ಅವುಗಳ ಮೇಲೆ ಒಂದು ಸುತ್ತು ಹೊಡೆದೆ, ಇನ್ನೊಂದು ಹೊಡೆದೆ. ಖುಷಿಗೆ ನಗು ಬಂದು ಉಪ್ಪುನೀರು ಕುಡಿದು ಕೆಮ್ಮುತ್ತ ಮೇಲೆ ಬಂದೆ. ದೋಣಿಯಲ್ಲಿ ನಮ್ಮವರು ನನ್ನ ಮೇಲಿನ ಕಣ್ಣು ತೆಗೆಯದೆ ಎದ್ದು ನಿಂತಿದ್ದರು, ಮತ್ತು ಆ ದೋಣಿಯವನಿಗೆ ನಾಗಪುರದ ನಾಲ್ಕು ಸುತ್ತಿನ ಕಥೆಯನ್ನು ಬಾಯಿತುಂಬ ಹೇಳುತ್ತಿದ್ದರು.