ಬದುಕಿದ್ದ ಜೂರಾಕಾನ್‌ಗೆ ಬಂದ ಸಾವಿನ ಹಣ

ನಮ್ಮ ಕೊಕ್-ಬುಲುಂಗ್ ಊರಿಗೆ ಬ್ಯಾಂಕು ಅಂತ ಇದ್ದದ್ದು ಜೂರಾಕಾನ್ ಎಜೆ ಒಬ್ಬಳೇ. ಎಜೆ ಅಂದರೆ ಅಕ್ಕ. ಊರಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ದೊಡ್ಡವರಿಗೂ. ನಮ್ಮ ಮನೆಯ ಎದುರಿಗೇ ಅವಳ ಅಂಗಡಿ. ಚಹಾಪುಡಿ, ರಬ್ಬರ್ ಬೂಟು, ಹಿಟ್ಟಿನ ಮೂಟೆ, ಕುದುರೆ ಲಾಳದ ಮೊಳೆ ಇವುಗಳ ನಡುವೆ ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗಳನ್ನು ಓಶ್ ಕಡೆಗೆ ಕೊಟ್ಟಿದ್ದಳು.

ಮೊದಲೆಲ್ಲ ಪಿಂಚಣಿ ಅಂಚೆ ಗಾಡಿಯಲ್ಲಿ ಬರುತ್ತಿತ್ತು. ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿತೋ, ಗಾಡಿಯೂ ಇಲ್ಲ, ಪಿಂಚಣಿಯೂ ಇಲ್ಲ. ರಷ್ಯಾದಲ್ಲಿ ದುಡಿಯುವ ಮಕ್ಕಳು ಕಳಿಸಿದ್ದನ್ನು ಬಿಡಿಸಿಕೊಳ್ಳಬೇಕೆಂದರೆ ನಾರಿನ್ ಪೇಟೆಗೆ ಹೋಗಿ ಬರಲು ಇಡೀ ದಿನ ಬೇಕು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ಬ್ಯಾಂಕಿನವರು ಇಬ್ಬರು ಬಂದು, ಅಂಗಡಿಯ ಗಾಜಿಗೆ ಕಪ್ಪುಬಿಳುಪು ಕ್ಯೂಆರ್ ಚೀಟಿ ಅಂಟಿಸಿ, ಎಜೆಯ ಫೋನಿನಲ್ಲಿ ಏನೇನೋ ಒತ್ತಿ, ಇನ್ನು ಮೇಲೆ ನೀವೇ ನಮ್ಮ ಏಜೆಂಟ್ ಎಂದು ಹೇಳಿ ಹೋದರು. ಊರಿನವರ ಪಿಂಚಣಿ, ಮಕ್ಕಳು ಕಳಿಸಿದ ಹಣ ಎಲ್ಲ ಆ ಫೋನಿಗೆ ಬರತೊಡಗಿತು. ಎಜೆ ಗಲ್ಲಾದಿಂದ ನೋಟು ತೆಗೆದು ಕೊಡುತ್ತಿದ್ದಳು.

ಕುದುರೆ ಪಳಗಿಸುತ್ತಿದ್ದ ಮುದುಕ ಜುಮಾಕಾದಿರ್‌ಗೆ ಇದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ.

"ಮಗ ಕಳಿಸಿದ ದುಡ್ಡು ಎಲ್ಲಿದೆ ತೋರಿಸು," ಎನ್ನುತ್ತಿದ್ದ.

"ಇಲ್ಲೇ ಇದೆ ಬಾಯ್ಕೆ, ನೋಡಿ," ಎಂದು ಎಜೆ ಫೋನು ಮುಂದಿಡುತ್ತಿದ್ದಳು. ಅವಳಿಗೆ ಅವನು ಅಣ್ಣನ ಸಮಾನ.

ಅವನು ಫೋನನ್ನು ತಿರುಗಿಸಿ ಹಿಂಭಾಗ ನೋಡುತ್ತಿದ್ದ. "ಇಲ್ಲಿ ಏನೂ ಇಲ್ವಲ್ಲ."

ಎಜೆ ನಗುತ್ತಿದ್ದಳು. ಆದರೆ ಅವನು ಹೋದ ಮೇಲೆ ನನಗೆ ಹೇಳುತ್ತಿದ್ದಳು: "ಗುಲ್ಬಾರಾ, ನಿಜ ಹೇಳ್ಲಾ, ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ. ನೀನು ಟೀಚರು, ನಿಂಗೊತ್ತಾ?" ನನಗೂ ಗೊತ್ತಿರಲಿಲ್ಲ.

ನವೆಂಬರ್ ತಿಂಗಳ ಒಂದು ಸಂಜೆ ಜುಮಾಕಾದಿರ್ ಕುದುರೆಗೆ ಹುಲ್ಲು ಹಾಕಿ ಬಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಯುರ್ತಾ, ಅಂದರೆ ಉಣ್ಣೆಯ ದುಂಡು ಗುಡಾರ, ಎಬ್ಬಿಸಿ, ಶವವನ್ನು ಒಳಗೆ ಪರದೆಯ ಹಿಂದೆ ಮಲಗಿಸಿದರು. ಹೆಂಡತಿ ಅನಾರ್‌ಕುಲ್ ಕಪ್ಪು ಬಟ್ಟೆ ಉಟ್ಟು, ಗೋಡೆಗೆ ಮುಖ ಮಾಡಿ ಅಳುತ್ತ ಕೂತಳು. ನಮ್ಮಲ್ಲಿ ಸಾವಿನ ಮನೆಗೆ ಯಾರೂ ಬರಿಗೈಲಿ ಬರುವುದಿಲ್ಲ, ಕೈಲಾದಷ್ಟು ಕೊಶುಮ್ಚಾ ಕೊಡುತ್ತಾರೆ. ದೂರದಲ್ಲಿರುವವರು ಈಗ ಅದನ್ನೂ ಫೋನಿನಲ್ಲೇ ಕಳಿಸುತ್ತಾರೆ. ಅನಾರ್‌ಕುಲ್‌ಗೆ ಖಾತೆ ಇರಲಿಲ್ಲ. ಮಗ ನುರ್ದಿನ್ ಯೆಕಟೆರಿನ್‌ಬರ್ಗ್‌ನಿಂದ ಇನ್ನೂ ದಾರಿಯಲ್ಲಿದ್ದ. ಹಾಗಾಗಿ ಎಜೆಯ ಖಾತೆಗೇ ಬರಲಿ ಎಂದಾಯಿತು.

ನುರ್ದಿನ್‌ನ ಸೋದರಸಂಬಂಧಿ ಊರಿನ ವಾಟ್ಸಾಪ್ ಗುಂಪಿಗೆ ಎರಡು ಸಂದೇಶ ಹಾಕಿದ. ಮೊದಲನೆಯದರಲ್ಲಿ ಸತ್ತವನ ಹೆಸರು. ಎರಡನೆಯದರಲ್ಲಿ, "ನಾಳೆ ಮಧ್ಯಾಹ್ನ ಮಣ್ಣು. ಕೊಶುಮ್ಚಾ ಕಳಿಸುವವರು ಈ ನಂಬರಿಗೆ ಕಳಿಸಿ, ಜೂರಾಕಾನ್" ಎಂದಷ್ಟೇ. ಜನ ಮುಂದೆ ಕಳಿಸಿದ್ದು ಎರಡನೆಯದನ್ನು ಮಾತ್ರ. ಹಣ ಹಾಕುವಾಗ ಫೋನಿನಲ್ಲಿ ಮೂಡುವುದೂ ಜೂರಾಕಾನ್ ಎಂಬ ಹೆಸರೇ. ಬಿಷ್ಕೆಕ್‌ನಲ್ಲಿ, ಮಾಸ್ಕೋದಲ್ಲಿ, ತಲಾಸ್‌ನಲ್ಲಿ ಅದನ್ನು ಓದಿದವರು ಜೂರಾಕಾನ್ ಸತ್ತಳೆಂದೇ ತಿಳಿದರು.

ಇದು ನಮಗೆ ಗೊತ್ತಾದದ್ದು ಆಮೇಲೆ. ಆಗ ನಾವಿಬ್ಬರೂ ಸಾವಿನ ಮನೆಯ ಹಿತ್ತಲಲ್ಲಿ ಬಾಣಲೆ ಇಟ್ಟು ಬೋರ್ಸೋಕ್ ಕರಿಯುತ್ತಿದ್ದೆವು. ಎಜೆ ಹಿಟ್ಟು ಲಟ್ಟಿಸಿ ತುಂಡು ಮಾಡುತ್ತಿದ್ದಳು. ಅವಳ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಅವಳ ಕೈಗೆಲ್ಲ ಹಿಟ್ಟು, ನಾನೇ ಒತ್ತಿ ಅವಳ ಕಿವಿಗೆ ಹಿಡಿಯುತ್ತಿದ್ದೆ.

"ನೀನು ಮಗಳಾ?" ಒಬ್ಬ ಹೆಂಗಸು ಅಳುತ್ತ ಕೇಳಿದಳು. "ಧ್ವನಿ ಥೇಟ್ ತಾಯೀದೇ."

"ಯಾರಮ್ಮಾ ನೀನು?"

"ಯಾವಾಗ ಹೋದ್ರು?"

"ನಿನ್ನೆ ಸಂಜೆ."

"ನರಳಿದ್ರಾ?"

"ಇಲ್ಲ, ಕುದುರೆಗೆ ಹುಲ್ಲು ಹಾಕಿ ಬಂದು ಕೂತ್ರು, ಅಷ್ಟೇ."

"ಅಂಗಡಿ ಜೊತೆ ಕುದುರೇನೂ ಸಾಕಿದ್ರಾ ಪಾಪ," ಎಂದು ಆ ಕಡೆಯವಳು ಬಿಕ್ಕಿದಳು. ಫೋನು ಕಟ್ಟಾಯಿತು.

ಎಜೆ ನನ್ನ ಮುಖ ನೋಡಿದಳು. "ಜುಮಾಕಾದಿರ್‌ಗೆ ಯಾವಾಗ ಅಂಗಡಿ ಇತ್ತು?"

ಇನ್ನೊಬ್ಬ ಗಂಡಸು ಎಜೆಯ "ಹಲೋ" ಕೇಳಿದ್ದೇ ತಡ, ದೇವರ ಹೆಸರು ಹೇಳಿ ಫೋನಿಟ್ಟ. ಮತ್ತೊಬ್ಬ, ಸತ್ತವರು ತನಗೆ ಚಿಕ್ಕಂದಿನಲ್ಲಿ ಬಿಟ್ಟಿಯಾಗಿ ಮಿಠಾಯಿ ಕೊಡುತ್ತಿದ್ದರೆಂದು ಹೇಳಿ ಅತ್ತ. "ಆ ಮುದುಕ ಯಾರಿಗೂ ಒಂದು ಮಿಠಾಯಿ ಕೊಟ್ಟೋನಲ್ಲ," ಎಂದಳು ಎಜೆ. "ಸತ್ತ ಮೇಲೆ ಎಲ್ರೂ ಒಳ್ಳೆಯವರಾಗಿಬಿಡ್ತಾರೆ, ಬಿಡು." ಬಾಣಲೆಗೆ ಇನ್ನೊಂದು ಹಿಡಿ ಹಾಕಿದಳು. ನನಗೂ ಅದರಲ್ಲಿ ಅನುಮಾನ ಬರಲಿಲ್ಲ.

ಮಣ್ಣಿನ ದಿನ ಬೆಳಿಗ್ಗೆ ಅನಾರ್‌ಕುಲ್‌ಳ ಸೊಸೆ ಓಡಿಬಂದಳು. ಮುಖ ಬಿಳಿಚಿಕೊಂಡಿತ್ತು. "ಎಜೆ, ಬೇಗ ಬನ್ನಿ. ಯುರ್ತಾ ಒಳಗೆ ಯಾರೋ ಹೆಂಗಸು ನಿಮ್ಮ ಹೆಸರು ಹಿಡಿದು ಅಳ್ತಿದ್ದಾಳೆ."

ಹಿಟ್ಟಿನ ಕೈಯಲ್ಲೇ ಹೋದೆವು. ಯುರ್ತಾದ ಬಾಗಿಲ ಪರದೆ ಸರಿಸಿದರೆ, ಒಳಗೆ ಕಪ್ಪು ಬಟ್ಟೆಯವರ ಪಕ್ಕದಲ್ಲಿ ಪ್ರಯಾಣದ ಕೋಟನ್ನೂ ಬಿಚ್ಚದ ಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ, ಸಾವಿನಲ್ಲಿ ಅಳುವ ಹೆಂಗಸರ ರೀತಿಯಲ್ಲಿ ಸೊಂಟಕ್ಕೆ ಕೈಕೊಟ್ಟು ಕೂತಿದ್ದಳು. ಎಜೆಯ ತಂಗಿ ಸಾಲಿಕಾ. ತಲಾಸ್‌ನಲ್ಲಿ ಮದುವೆಯಾಗಿ ಅಲ್ಲೇ ಇರುವವಳು. ಅಕ್ಕತಂಗಿಯರಲ್ಲಿ ಮಾತು ನಿಂತು ವರ್ಷಗಳೇ ಆಗಿದ್ದವು. ತಾಯಿ ಕೈಯಾರೆ ಹೊಲಿದ ಉಣ್ಣೆಯ ಶಿರ್ದಾಕ್ ಕಂಬಳಿಯನ್ನು ಎಜೆ ಒಬ್ಬ ಪ್ರವಾಸಿಗೆ ಮಾರಿ, ಬಂದ ಹಣದಲ್ಲಿ ಅಂಗಡಿ ತೆರೆದಿದ್ದಳು. ಅದಕ್ಕೇ ಜಗಳ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನು ಸಹ ಮಾಡಿರಲಿಲ್ಲ. ಈಗ ಬಂದ ಸುದ್ದಿಯಲ್ಲಿದ್ದ ನಂಬರೇ ಎಜೆಯದು. ಮಾತು ಬಿಟ್ಟ ಅಕ್ಕನ ನಂಬರಿಗೆ, ಅವಳು ಸತ್ತ ಮೇಲೆ, ಹೇಗೆ ಫೋನು ಮಾಡುವುದು? ಗಂಡನನ್ನು ಎಬ್ಬಿಸಿ ಕಾರು ಹತ್ತಿ ಬಂದಿದ್ದಳು. ಅಕ್ಕನ ಮನೆಗೆ ಬೀಗ. ಪಕ್ಕದ ಅಂಗಳದಲ್ಲಿ ಯುರ್ತಾ, ಅಳು. ಅಕ್ಕ ಇಲ್ಲೇ ಮಲಗಿದ್ದಾಳೆಂದು ನೇರ ಒಳಗೆ ಬಂದು ಕೂತುಬಿಟ್ಟಿದ್ದಳು.

ನಮ್ಮಲ್ಲಿ ಅಳುವುದೆಂದರೆ ಹಾಡುವುದು. ಸಾಲಿಕಾಗೆ ಒಳ್ಳೆಯ ಕಂಠ.

"ನನ್ನ ಜಡೆ ಹೆಣೆದ ಕೈಯೇ, ಹೊಳೆ ದಾಟಿಸಿದ ಬೆನ್ನೇ," ಎಂದು ಎಳೆದಳು. "ನಿನ್ನ ಬಾಗಿಲಿಗೆ ಬರಬೇಕಿತ್ತು, ಬಿಂಕ ಬಿಡಲಿಲ್ಲ ಅಕ್ಕಾ. ಇಂದು ಬಂದೆ, ಬಾಗಿಲಿಗೆ ಬೀಗ."

ಪಕ್ಕದಲ್ಲಿದ್ದ ಅನಾರ್‌ಕುಲ್ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು. ಪರದೆಯ ಹಿಂದೆ ಮಲಗಿರುವವನು ತನ್ನ ಗಂಡನೇ ಹೌದೋ ಅಲ್ಲವೋ ಎಂಬ ಅನುಮಾನ ಬಂದವಳಂತೆ ಒಮ್ಮೆ ಆ ಕಡೆಗೂ ಕಣ್ಣು ಹಾಯಿಸಿದಳು. ಉಳಿದ ಹೆಂಗಸರು ಬಾಗಿಲಲ್ಲಿ ನಿಂತಿದ್ದ ಎಜೆಯನ್ನು ನೋಡುವುದು, ಸಾಲಿಕಾಳನ್ನು ನೋಡುವುದು. ಅಳುವವರನ್ನು ನಡುವೆ ತಡೆಯಬಾರದು. ಆದರೆ ಯಾರಿಗಾಗಿ ಅಳುತ್ತಿದ್ದಾಳೋ ಆಕೆಯೇ ಬಾಗಿಲಲ್ಲಿ ನಿಂತಿದ್ದರೆ ತಡೆಯಬಹುದೋ ಬಾರದೋ, ಅದು ಯಾರಿಗೂ ತಿಳಿಯದು. ನಾನು ಎಜೆಯ ಮೊಣಕೈ ತಿವಿದೆ. ಅವಳು ಕದಲಲಿಲ್ಲ.

"ಅಮ್ಮನ ಕಂಬಳಿ ಮಾರಿದೆ," ಸಾಲಿಕಾ ಮುಂದುವರಿಸಿದಳು, "ಯಾಕೆ ಅಂತ ಒಂದು ಮಾತು ಹೇಳಲಿಲ್ಲ ಅಕ್ಕಾ."

"ಹೇಳೋಕೆ ನೀನು ಬಿಟ್ಟರೆ ತಾನೇ," ಎಂದುಬಿಟ್ಟಳು ಎಜೆ.

ಸಾಲಿಕಾ ಹಾಡನ್ನು ನಡುವೆಯೇ ನಿಲ್ಲಿಸಿದಳು. ನಿಧಾನವಾಗಿ ತಿರುಗಿದಳು. ಅವಳ ಬಾಯಿ ತೆರೆದೇ ಇತ್ತು.

"ನೀನು..."

"ನಾನೇ. ಹಿಟ್ಟು ಲಟ್ಟಿಸ್ತಿದ್ದೆ."

ಸಾಲಿಕಾ ಎದ್ದು ಬಂದು ಅಕ್ಕನ ಭುಜಕ್ಕೆ ಎರಡು ಕೈಯಲ್ಲೂ ಬಡಿದಳು. ಆಮೇಲೆ ಅಪ್ಪಿಕೊಂಡಳು. ಆಮೇಲೆ ಮತ್ತೆ ಬಡಿದಳು. "ರಾತ್ರಿಯಿಡೀ ಅತ್ತುಕೊಂಡು ಬಂದಿದೀನಿ, ನಾಚಿಕೆ ಆಗಲ್ವಾ ನಿಂಗೆ ಬದುಕಿರೋಕೆ?" ಎಂದಳು. ಎಜೆ, "ಆಗ್ತಿದೆ ಕಣೇ," ಎಂದಳು. ಕೋಟಿಗೆಲ್ಲ ಹಿಟ್ಟು ಮೆತ್ತಿತು. ಇಬ್ಬರೂ ಅಳುತ್ತಿದ್ದರು. ಆ ಅಳು ಯಾತಕ್ಕೆಂದು ಅವರಿಗಾದರೂ ಗೊತ್ತಿತ್ತೋ ಇಲ್ಲವೋ. ಆಗ ಅನಾರ್‌ಕುಲ್ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರೆ ಅವಳು ನಗುತ್ತಿದ್ದಳು.

"ನನ್ನ ಮುದುಕ ಇದ್ದಿದ್ರೆ ಇದನ್ನ ಊರೆಲ್ಲ ಹೇಳ್ಕೊಂಡು ಬರ್ತಿದ್ದ," ಎಂದಳು. ಆಮೇಲೆ ಜೋರಾಗಿ ಅತ್ತಳು. ಎಲ್ಲರೂ ಅವಳ ಜೊತೆ ಅತ್ತರು. ಸಾಲಿಕಾಳೂ ಹೋಗಿ ಪಕ್ಕದಲ್ಲಿ ಕೂತು, ಈ ಸಲ ಸತ್ತವನ ಹೆಸರನ್ನು ಕೇಳಿಕೊಂಡು, ಅವನಿಗಾಗಿ ಅತ್ತಳು.

ಮಣ್ಣು ಮುಗಿಯಿತು. ಗೊಂದಲ ಮುಗಿಯಲಿಲ್ಲ. ಏಳನೆಯ ದಿನದ ಊಟಕ್ಕೆ ಕುರಿ ತರಬೇಕೆಂದು ನುರ್ದಿನ್ ಹಣ ಕೇಳಲು ಬಂದ. ಎಜೆ ಫೋನು ಒತ್ತಿದರೆ, "ಖಾತೆಯನ್ನು ತಡೆಹಿಡಿಯಲಾಗಿದೆ" ಎಂದು ಬಂತು. ಬ್ಯಾಂಕಿನ ಸಹಾಯದ ನಂಬರಿಗೆ ಫೋನು ಮಾಡಿದೆವು. ಬಿಷ್ಕೆಕ್‌ನಲ್ಲಿರುವ ಎಜೆಯ ಕಡೆಯ ಯಾರೋ ನೆಂಟ, ಸತ್ತವಳ ದುಡ್ಡನ್ನು ಯಾರೂ ಲಪಟಾಯಿಸದಿರಲಿ ಎಂಬ ಒಳ್ಳೆಯ ಮನಸ್ಸಿನಿಂದ, ಅವಳು ತೀರಿಕೊಂಡಳೆಂದು ಬ್ಯಾಂಕಿಗೆ ತಿಳಿಸಿದ್ದನಂತೆ.

"ವಾರಸುದಾರರು ಮರಣಪತ್ರ ತರಬೇಕು," ಎಂದಳು ಫೋನಿನ ಹುಡುಗಿ.

"ಸತ್ತಿರೋಳು ನಾನೇ ಕಣಮ್ಮಾ, ಮಾತಾಡ್ತಿರೋದು."

ಹುಡುಗಿ ಏನನ್ನೋ ಟೈಪು ಮಾಡಿದ ಸದ್ದು ಕೇಳಿಸಿತು. "ಹಾಗಿದ್ರೆ ನೀವೇ ಖುದ್ದಾಗಿ ಬರಬೇಕು."

ಇತ್ತ ಅಂಗಡಿಯ ಮುಂದೆ ಜನ ಸೇರಿದರು. ಅವರ ಪಿಂಚಣಿಯೂ ಆ ಫೋನಿನಲ್ಲೇ ಸಿಕ್ಕಿಕೊಂಡಿತ್ತು. "ನೀನು ಸತ್ತಿದ್ದಕ್ಕೆ ನಮಗ್ಯಾಕೆ ಶಿಕ್ಷೆ?" ಎಂದು ಒಬ್ಬ ಮುದುಕಿ ಕೇಳಿದಳು. ತಮಾಷೆಗೆ ಕೇಳಿದಳೋ ನಿಜವಾಗಿಯೋ, ನನಗೆ ಗೊತ್ತಾಗಲಿಲ್ಲ. ಎಜೆಗೂ ಗೊತ್ತಾಗದೆ, ಗಲ್ಲಾದಲ್ಲಿದ್ದ ನೋಟನ್ನೆಲ್ಲ ಹಂಚಿಬಿಟ್ಟಳು.

ಸಾಲಿಕಾಳ ಗಂಡ ನಮ್ಮನ್ನು ನಾರಿನ್‌ಗೆ ಕರೆದೊಯ್ದ. ಬ್ಯಾಂಕಿನ ಹುಡುಗ ಎಜೆಯನ್ನು ಒಂದು ಕ್ಯಾಮೆರಾದ ಮುಂದೆ ಕೂರಿಸಿದ. ತಲೆ ಎಡಕ್ಕೆ ತಿರುಗಿಸಿ ಎಂದ, ಅವಳು ಬಲಕ್ಕೆ ತಿರುಗಿಸಿದಳು. ಕಣ್ಣು ಮಿಟುಕಿಸಿ ಎಂದ, ಮುಚ್ಚಿಕೊಂಡು ಕೂತಳು. ಕೊನೆಗೆ, "ಅಪಾ, ಈಗ ಸ್ವಲ್ಪ ನಗಿ," ಎಂದ. ತಾಯಿ ವಯಸ್ಸಿನವಳೆಂದು ಅಪಾ ಎನ್ನುತ್ತಿದ್ದ.

"ಸಾವಿನ ಮನೆಯಿಂದ ಬಂದಿದೀನಿ, ಹೇಗಪ್ಪಾ ನಗೋದು?"

"ಯಂತ್ರ ಕೇಳುತ್ತೆ, ನಾನಲ್ಲ."

ಎಜೆ ಹಲ್ಲು ಬಿಟ್ಟಳು. ಯಂತ್ರ ಒಪ್ಪಲಿಲ್ಲ. ಹಿಂದೆ ನಿಂತಿದ್ದ ಸಾಲಿಕಾ ಬಗ್ಗಿ ಕಿವಿಯಲ್ಲಿ, "ನಾಚಿಕೆ ಆಗಲ್ವಾ ನಿಂಗೆ ಬದುಕಿರೋಕೆ," ಎಂದಳು. ಎಜೆ ಪಕ್ಕನೆ ನಕ್ಕಳು. ಖಾತೆ ತೆರೆದುಕೊಂಡಿತು.

ಆದರೆ ಅದರೊಳಗಿನ ಹಣ ಯಾರದ್ದು? ಒಂದಷ್ಟು ಜುಮಾಕಾದಿರ್‌ಗೆ ಬಂದದ್ದು, ಒಂದಷ್ಟು ಇವಳಿಗೆ. ಬಹುಪಾಲು ಜನ ಏನೂ ಬರೆಯದೆ ಬರೀ ಹಣ ಹಾಕಿದ್ದರು. ನಮ್ಮ ಮೊಲ್ದೋನನ್ನು ಕೇಳಿದೆವು. ಸಾವಿನ ಪ್ರಾರ್ಥನೆ ಓದುವವನು ಅವನೇ. ಅವನು ಗಡ್ಡ ಸವರಿಕೊಂಡು, "ಬದುಕಿರೋರ ಸಾವಿಗೆ ಕೊಟ್ಟ ಹಣದ ಬಗ್ಗೆ ನಾನು ಓದಿಲ್ಲ," ಎಂದ. "ನನ್ನ ಕೇಳ್ಬೇಡಿ, ನೀವೇ ತೀರ್ಮಾನ ಮಾಡಿ." ಎಜೆ ಒಂದೊಂದು ನಂಬರಿಗೂ ಫೋನು ಮಾಡಿದಳು. ಕೆಲವರು ಅವಳ ಧ್ವನಿ ಕೇಳಿ ಹೆದರಿದರು. ಕೆಲವರು ಸಂತೋಷಪಟ್ಟರು. ಬಿಷ್ಕೆಕ್‌ನ ಒಬ್ಬ ನೆಂಟ, "ಇಟ್ಕೊಳ್ಳಿ ಎಜೆ, ಆದರೆ ನಿಜವಾಗಿ ಹೋದಾಗ ಮತ್ತೆ ಕೇಳ್ಬೇಡಿ," ಎಂದ. ಕೊನೆಗೆ ಎಲ್ಲವನ್ನೂ ಅನಾರ್‌ಕುಲ್‌ಗೇ ಕೊಟ್ಟುಬಿಟ್ಟಳು. ಅನಾರ್‌ಕುಲ್ ಬೇಡವೆಂದಳು, ಆಮೇಲೆ ತೆಗೆದುಕೊಂಡಳು. ಏಳನೆಯ ದಿನದ ಊಟದಲ್ಲಿ ಮೊಲ್ದೋ ಜುಮಾಕಾದಿರ್‌ನ ಹೆಸರಿಗೆ ಪ್ರಾರ್ಥನೆ ಓದಿ, ಏನು ತೋಚಿತೋ, ಜೂರಾಕಾನ್‌ಗೆ ದೀರ್ಘಾಯುಸ್ಸನ್ನೂ ಕೇಳಿದ.

ಸಾಲಿಕಾ ಆ ಊಟದವರೆಗೂ ಇದ್ದಳು. ಕಂಬಳಿಯ ಮಾತು ಎತ್ತಿದರು, ಜಗಳವಾಡಿದರು, ಮತ್ತೆ ಒಂದೇ ಹಾಸಿಗೆಯಲ್ಲಿ ಮಲಗಿದರು. ಈಗ ವಾರಕ್ಕೊಮ್ಮೆ ಫೋನಿನಲ್ಲಿ ಜಗಳವಾಡುತ್ತಾರೆ.

ಒಂದು ಮಾತ್ರ ಬಗೆಹರಿಯದೆ ಉಳಿಯಿತು. ಬಂದ ಹಣದಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಳಿಸಿದವರ ಹೆಸರು ನಮಗೆ ಯಾರಿಗೂ ಗುರುತಿಲ್ಲ. ಜೊತೆಗೆ, "ಜೂರಾಕಾನ್, ಕ್ಷಮಿಸು" ಎಂದಷ್ಟೇ ಬರೆದಿತ್ತು. ಆ ನಂಬರಿಗೆ ಎಷ್ಟು ಸಲ ಫೋನು ಮಾಡಿದರೂ ಯಾರೂ ಎತ್ತಲಿಲ್ಲ. ಆಮೇಲೆ ಅದು ಚಾಲನೆಯಲ್ಲೇ ಇಲ್ಲವೆಂದು ಬಂತು.

ಎಜೆ ಚಳಿಗಾಲವೆಲ್ಲ ಅದನ್ನೇ ಯೋಚಿಸಿದಳು. ಸ್ಟೂಲಿನ ಮೇಲೆ ಕೂತು ತನಗೆ ಯಾರು ಯಾರು ಏನೇನು ಮಾಡಿದರೆಂದು ನೆನಪಿಸಿಕೊಳ್ಳುತ್ತಿದ್ದಳು. ಹೊಲದ ಗಡಿ ಒತ್ತಿದವನೋ, ಶಾಲೆಯಲ್ಲಿ ಅವಳ ಮೇಲೆ ಸುಳ್ಳು ಹೇಳಿದವಳೋ, ಗಂಡನ ಕಡೆಯವರೋ. ಒಬ್ಬರೂ ಅಷ್ಟು ಹಣ ಕಳಿಸುವವರಲ್ಲ.

"ಯಾರೋ ನಂಗೆ ದೊಡ್ಡ ಅನ್ಯಾಯ ಮಾಡಿದಾರೆ ಗುಲ್ಬಾರಾ," ಎಂದಳು ಒಂದು ದಿನ, "ನಂಗೆ ಗೊತ್ತೇ ಆಗಿಲ್ಲ ನೋಡು." ಅಷ್ಟರಲ್ಲಿ ಯಾರೋ ಚಹಾಪುಡಿ ಕೇಳಿಕೊಂಡು ಬಂದರು. ಎಜೆ ಎದ್ದು ತೂಗಲು ಹೋದಳು. ತಕ್ಕಡಿಯ ಮೇಲಿಂದ ಆ ಗಿರಾಕಿಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಒಂದು ಚಮಚ ಜಾಸ್ತಿ ಹಾಕಿ ಕೊಟ್ಟಳು.